ಕಾಳು ಬಿಟ್ಟರೂ ಗ್ಯಾಸ್ ಬಿಡಲಿಲ್ಲ: ಮಂಡ್ಯ ಕಡೆಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ 53 ವರ್ಷ. ಪಾಂಡವಪುರದ ಹತ್ತಿರ ನಮ್ಮ ಊರು. ಆರು ತಿಂಗಳಿಂದ ಹೊಟ್ಟೆಯಲ್ಲಿ ವಿಪರೀತ ಗ್ಯಾಸ್. ಊಟವಾದ ಒಂದೆರಡು ಗಂಟೆಗೆ ಹೊಟ್ಟೆ ಉಬ್ಬುತ್ತೆ, ಗುಡುಗುಡು ಅನ್ನುತ್ತೆ, ಮೇಲಿಂದ ಮೇಲೆ ಗಾಳಿ ಹೋಗುತ್ತೆ. ನಾಲ್ಕು ವರ್ಷದಿಂದ ಶುಗರ್ ಇದೆ, ಬಿಪಿಗೂ ಮಾತ್ರೆ ತಗೋತೀನಿ. ಆರೇಳು ತಿಂಗಳ ಹಿಂದೆ ಶುಗರ್ ಜಾಸ್ತಿ ಆಗಿದೆ ಅಂತ ಊಟದ ಮೊದಲು ತಗೊಳ್ಳೋ ಇನ್ನೊಂದು ಮಾತ್ರೆ ಕೊಟ್ಟರು. ಆಗಿನಿಂದ ರಾತ್ರಿ ಮುದ್ದೆ ಬಿಟ್ಟು ಚಪಾತಿ ತಿಂತಿದ್ದೀನಿ. ಮಂಡಿನೋವಿಗೆ ಒಳ್ಳೇದು ಅಂತ ಮಲಗೋವಾಗ ಒಂದು ಲೋಟ ಹಾಲು. ಟೀ ಜೊತೆಗೆ ಸಕ್ಕರೆ ಇಲ್ಲದ ಬಿಸ್ಕತ್ತು. ಕಾಳಿಂದಲೇ ಗ್ಯಾಸ್ ಅಂದರು, ಹುರುಳಿ, ಅವರೆ, ತಡಗುಣಿ ಎಲ್ಲಾ ಬಿಟ್ಟೆ. ಆಲೂಗಡ್ಡೆ, ಕೋಸೂ ಬಿಟ್ಟೆ. ಆದರೂ ಕಡಿಮೆ ಆಗಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತೀನಿ. ತಡೆಯೋಕಾಗದೇ ಇದ್ದಾಗ ಸೋಡಾ ಕುಡೀತೀನಿ. ನಾಲ್ಕು ಜನರ ಮಧ್ಯೆ ಕೂರೋಕೆ ನಾಚಿಕೆ ಆಗುತ್ತೆ. ಇನ್ನು ಏನು ಬಿಡಬೇಕು?

ಉತ್ತರ: ಅಮ್ಮ, ಇನ್ನು ಏನನ್ನೂ ಬಿಡಬೇಡಿ. ಈಗಾಗಲೇ ಬಿಟ್ಟಿರುವುದರಲ್ಲಿ ಬಹಳಷ್ಟನ್ನು ವಾಪಸ್ ತರಬೇಕು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆರು ತಿಂಗಳು ಅನ್ನುವ ಲೆಕ್ಕ. ಹುರುಳಿ, ಅವರೆ ನೀವು ಚಿಕ್ಕಂದಿನಿಂದ ತಿಂದುಕೊಂಡು ಬಂದವು. ಇಷ್ಟು ವರ್ಷ ಒಗ್ಗಿದ ಕಾಳು ಇದ್ದಕ್ಕಿದ್ದಂತೆ ಒಗ್ಗದೆ ಹೋಯಿತು ಅಂದರೆ ಸುತ್ತಮುತ್ತ ಬೇರೇನೋ ಬದಲಾಗಿರಬೇಕು, ಅಲ್ವಾ? ಏನು ಬದಲಾಯಿತು ಅಂತ ನೀವೇ ಬರೆದಿದ್ದೀರಿ. ಹೊಸ ಮಾತ್ರೆ ಬಂತು. ಮುದ್ದೆ ಹೋಗಿ ಚಪಾತಿ ಬಂತು. ರಾತ್ರಿ ಹಾಲು ಬಂತು. ಸಕ್ಕರೆ ಇಲ್ಲದ ಬಿಸ್ಕತ್ತು ಬಂತು. ಈ ನಾಲ್ಕೂ ಗ್ಯಾಸ್ ಹೆಚ್ಚಿಸಬಲ್ಲವು. ಇದರ ಜೊತೆಗೆ ನಿಮ್ಮ ವಯಸ್ಸಿನ ಹೆಂಗಸರಿಗೆ ಒಂದು ಪರೀಕ್ಷೆಯೂ ಆಗಲೇಬೇಕು. ಅದನ್ನು ಮುಂದೆ ಬರೆದಿದ್ದೇನೆ. ದಯವಿಟ್ಟು ಆ ಭಾಗ ಬಿಟ್ಟು ಓದಬೇಡಿ.

ಹೊಟ್ಟೆಗೆ ಗಾಳಿ ಬರುವುದು ಎರಡು ದಾರಿಯಿಂದ. ಒಂದು, ಬಾಯಿಂದ ನಾವು ನುಂಗುವ ಗಾಳಿ. ಇದು ಹೆಚ್ಚಾಗಿ ತೇಗಾಗಿ ಮೇಲಕ್ಕೇ ಹೋಗುತ್ತದೆ. ಇನ್ನೊಂದು ಕರುಳಲ್ಲೇ ಹುಟ್ಟುವುದು. ತಿಂದದ್ದರಲ್ಲಿ ಸಣ್ಣ ಕರುಳಿಗೆ ಜೀರ್ಣಿಸಲು ಆಗದ ಕೆಲವು ಸಕ್ಕರೆ, ಪಿಷ್ಟ, ನಾರು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿರುವ ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಬಿಡುತ್ತವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ ಬರುವುದೂ ಇದೇ ರೀತಿಯಲ್ಲಿ. ಹೀಗೆ ಹುಟ್ಟುವುದು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಇವಕ್ಕೆ ವಾಸನೆ ಇಲ್ಲ. ವಾಸನೆ ಬರುವುದು ಬಹಳ ಕಡಿಮೆ ಪ್ರಮಾಣದಲ್ಲಿರುವ ಗಂಧಕದ ಅನಿಲಗಳಿಂದ. ಕೋಸು, ಹೂಕೋಸು, ಮೂಲಂಗಿ, ಬೆಳ್ಳುಳ್ಳಿ, ಮೊಟ್ಟೆ ತಿಂದ ದಿನ ವಾಸನೆ ಜಾಸ್ತಿ ಇರುವುದು ಅದಕ್ಕೇ.

ಆರೋಗ್ಯವಾಗಿರುವವರಿಗೂ ದಿನಕ್ಕೆ 10ರಿಂದ 20 ಸಲ ಗಾಳಿ ಹೋಗುತ್ತದೆ. ಒಟ್ಟು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಅದರಿಂದ ತನಗೊಬ್ಬಳಿಗೇ ಹೀಗೆ ಅಂತ ಅನಿಸುತ್ತದೆ. ಹಾಗಲ್ಲ. ನಿಮ್ಮ ಪಕ್ಕದಲ್ಲಿ ಕೂತವರಿಗೂ ಇದೆ. ನಾಚಿಕೆಯಿಂದ ತಡೆದುಕೊಂಡು ಕೂತರೆ ಹೊಟ್ಟೆ ನೋಯುತ್ತದೆ, ಉಬ್ಬರ ಹೆಚ್ಚುತ್ತದೆ. ಎದ್ದು ಹೊರಗೆ ಹೋಗಿ ಬನ್ನಿ.

ಈಗ ಮಾತ್ರೆ ವಿಷಯ. ಊಟದ ಮೊದಲು ತಗೊಳ್ಳಿ ಅಂತ ಕೊಟ್ಟದ್ದು ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಆಗಿರಬಹುದು ಅಂತ ನನ್ನ ಊಹೆ. ಸ್ಟ್ರಿಪ್ಪಿನ ಹಿಂದೆ ಮಾತ್ರೆಯ ಕಂಪನಿ ಹೆಸರಿನ ಜೊತೆಗೆ ಔಷಧಿಯ ಹೆಸರೂ ಇರುತ್ತದೆ. ಮಗಳ ಹತ್ತಿರವೋ ಮೆಡಿಕಲ್ ಸ್ಟೋರಿನವರ ಹತ್ತಿರವೋ ಓದಿಸಿ. ಈ ಮಾತ್ರೆಗಳು ಕೆಲಸ ಮಾಡುವ ರೀತಿಯೇ ಹೀಗೆ: ಊಟದ ಪಿಷ್ಟ, ಸಕ್ಕರೆ ಸಣ್ಣ ಕರುಳಲ್ಲಿ ಬೇಗ ಒಡೆಯದ ಹಾಗೆ ತಡೆಯುತ್ತವೆ. ಅದರಿಂದ ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಆದರೆ ಒಡೆಯದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾಕ್ಕೆ ಹಬ್ಬವಾಗುತ್ತದೆ. ಗ್ಯಾಸ್, ಗುಡುಗುಡು, ಹೊಟ್ಟೆ ಉಬ್ಬರ ಈ ಮಾತ್ರೆಗಳ ಅತಿ ಸಾಮಾನ್ಯ ತೊಂದರೆ. ಹಲವರಿಗೆ ಕೆಲವು ವಾರದಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ಆಗುವುದೇ ಇಲ್ಲ.

ಶುಗರ್‌ಗೆ ಮೊದಲಿಂದ ತಗೊಳ್ಳುತ್ತಿರುವುದು ಮೆಟ್‌ಫಾರ್ಮಿನ್ ಆಗಿದ್ದರೆ ಅದೂ ಗ್ಯಾಸ್, ಸಡಿಲ ಭೇದಿ ತರಬಲ್ಲದು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಇನ್ನೂ ಜಾಸ್ತಿ. ಊಟದ ಜೊತೆ ತಗೊಂಡರೆ, ಅಥವಾ ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಿಸಿದರೆ ಎಷ್ಟೋ ಜನರಿಗೆ ತೊಂದರೆ ತಗ್ಗುತ್ತದೆ.

ಇದನ್ನು ಓದಿ ನಾಳೆ ಬೆಳಿಗ್ಗೆಯೇ ಮಾತ್ರೆ ನಿಲ್ಲಿಸಬೇಡಿ. ಶುಗರ್ ಏರಿದರೆ ಆಗುವ ಹಾನಿ ಗ್ಯಾಸಿಗಿಂತ ದೊಡ್ಡದು. ಕೊಟ್ಟ ಡಾಕ್ಟರ ಹತ್ತಿರ ಹೋಗಿ, 'ಈ ಮಾತ್ರೆ ಶುರುವಾದ ಮೇಲೆ ಗ್ಯಾಸ್ ತಡೆಯಲು ಆಗುತ್ತಿಲ್ಲ, ಪ್ರಮಾಣ ಕಡಿಮೆ ಮಾಡಬಹುದಾ, ಬೇರೆ ಮಾತ್ರೆ ಇದೆಯಾ' ಅಂತ ನೇರವಾಗಿ ಕೇಳಿ. ಬೇರೆ ಮಾತ್ರೆಗಳು ಖಂಡಿತ ಇವೆ. ನೀವು ಬಾಯಿಬಿಟ್ಟು ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಮಾತು ನೆನಪಿಡಿ. ಇಂಥ ಮಾತ್ರೆ ತಗೊಳ್ಳುವವರಿಗೆ ಶುಗರ್ ತೀರಾ ಇಳಿದು ಬೆವರು, ನಡುಕ ಬಂದರೆ ಸಕ್ಕರೆ ಅಥವಾ ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅವು ಒಡೆಯುವುದನ್ನೇ ಮಾತ್ರೆ ತಡೆದಿರುತ್ತದೆ. ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ಮನೆಯಲ್ಲಿ ಇಟ್ಟುಕೊಂಡಿರಿ.

ಬಿಸ್ಕತ್ತಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಕ್ಕರೆ ಇಲ್ಲದ ತಿಂಡಿಗಳಲ್ಲಿ ಸಿಹಿಗಾಗಿ ಹಲವು ಸಲ ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕಿರುತ್ತಾರೆ. ಇವು ಸಣ್ಣ ಕರುಳಲ್ಲಿ ಪೂರ್ತಿ ಹೀರಿಕೆಯಾಗುವುದಿಲ್ಲ. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಪೊಟ್ಟಣದ ಮೇಲೆ 420 ಅಥವಾ 965 ಅನ್ನುವ ಸಂಖ್ಯೆ ಇದ್ದರೆ ಅವೇ. ಇವನ್ನು ಬಿಟ್ಟರೆ ನಿಮಗೆ ಯಾವ ನಷ್ಟವೂ ಇಲ್ಲ. ಟೀ ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಸಾಕು.

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಕಿಣ್ವ ಮಗುವಾಗಿದ್ದಾಗ ಚೆನ್ನಾಗಿರುತ್ತದೆ, ದೊಡ್ಡವರಾಗುತ್ತಾ ಕಡಿಮೆಯಾಗುತ್ತದೆ. ದಕ್ಷಿಣ ಭಾರತದವರಲ್ಲಿ ಇದು ತುಂಬಾ ಸಾಮಾನ್ಯ, ರೋಗವಲ್ಲ. ಕಾಫಿ, ಟೀಗೆ ಹಾಕುವಷ್ಟು ಹಾಲು ಬಹುತೇಕ ಎಲ್ಲರಿಗೂ ಒಗ್ಗುತ್ತದೆ. ಒಂದು ಲೋಟ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅಷ್ಟನ್ನು ಒಂದೇ ಸಲ ಕುಡಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ರಾತ್ರಿಯೆಲ್ಲಾ ಹೊಟ್ಟೆ ಗುಡುಗುತ್ತದೆ. ಹತ್ತು ದಿನ ಆ ಲೋಟ ಹಾಲು ನಿಲ್ಲಿಸಿ ನೋಡಿ. ಮೊಸರು, ಮಜ್ಜಿಗೆ ಮುಂದುವರಿಸಿ. ಹಾಲು ಹೆಪ್ಪಾಗುವಾಗ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗುತ್ತದೆ. ಉಳಿದದ್ದನ್ನು ಒಡೆಯಲು ಮೊಸರಿನ ಬ್ಯಾಕ್ಟೀರಿಯಾ ಹೊಟ್ಟೆಯೊಳಗೂ ನೆರವಾಗುತ್ತವೆ. ಅದರಿಂದ ಹಾಲು ಆಗದ ಎಷ್ಟೋ ಜನರಿಗೆ ಮೊಸರು ಸಲೀಸಾಗಿ ಆಗುತ್ತದೆ.

ಸುಣ್ಣದಂಶಕ್ಕಾಗಿ ಹಾಲು ಕುಡಿಯುತ್ತಿದ್ದೇನೆ ಅಂತೀರಾ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನೀವು ಬಿಟ್ಟದ್ದು ಅದನ್ನೇ.

ಮುದ್ದೆಯಿಂದ ಗ್ಯಾಸ್ ಅನ್ನುವ ಮಾತನ್ನು ಈಚೆಗೆ ಮೈಸೂರಿನಲ್ಲೂ ತುಂಬಾ ಕೇಳುತ್ತೇನೆ. ನನಗೆ ಬೇಸರವಾಗುತ್ತದೆ. ಒಳ್ಳೆಯ ಊಟವೊಂದನ್ನು ಸುಮ್ನೆ ಅನುಮಾನದಿಂದ ಬಿಡುತ್ತಿದ್ದೇವೆ. ರಾಗಿಯಲ್ಲಿ ನಾರು ಜಾಸ್ತಿ ಇರುವುದು ನಿಜ, 100 ಗ್ರಾಂಗೆ ಸುಮಾರು 11 ಗ್ರಾಂ. ಬರೀ ಬಿಳಿ ಅನ್ನ ಉಣ್ಣುತ್ತಿದ್ದವರು ಒಮ್ಮೆಲೇ ಎರಡು ಹೊತ್ತು ಮುದ್ದೆಗೆ ಇಳಿದರೆ ಮೊದಲ ಎರಡು ಮೂರು ವಾರ ಗಾಳಿ ಹೆಚ್ಚಬಹುದು. ಜೀವನವಿಡೀ ಮುದ್ದೆ ಉಂಡ ನಿಮಗೆ ಅದು ಹೊಸದಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದೇ ತಪ್ಪು ಅನ್ನುವವರಿದ್ದಾರೆ. ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಬೆಂದದ್ದು, ಸಾರಿನಲ್ಲಿ ಅದ್ದಿ ಸಣ್ಣ ತುತ್ತು ನುಂಗಿದರೆ ತೊಂದರೆ ಇಲ್ಲ. ಅಗಿಯಬೇಕಾದದ್ದು ಜೊತೆಗಿರುವ ಕಾಳು, ಪಲ್ಯ. ಮುದ್ದೆ ನುಂಗುವ ಭರದಲ್ಲಿ ಕಾಳನ್ನೂ ಹಾಗೇ ನುಂಗಿಬಿಡುತ್ತೇವೆ. ಬೆಳಗಿನ ಮುದ್ದೆಯನ್ನು ರಾತ್ರಿ ತಣ್ಣಗೆ ಉಣ್ಣುವ ರೂಢಿ ಇದ್ದರೆ ಸದ್ಯಕ್ಕೆ ಬಿಸಿಯಾಗಿ ಮಾಡಿಕೊಂಡು ಉಣ್ಣಿ. ಬೆಂದ ಪಿಷ್ಟ ಆರಿದಾಗ ಅದರ ಒಂದು ಪಾಲು ಗಟ್ಟಿಯಾಗಿ, ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ.

ಚಪಾತಿ ಕಡೆ ನೋಡಿ. ಗೋಧಿಯಲ್ಲಿ ಫ್ರಕ್ಟಾನ್ ಅನ್ನುವ ಸಕ್ಕರೆ ಸರಪಣಿಗಳಿವೆ. ಮನುಷ್ಯರ ಸಣ್ಣ ಕರುಳು ಇವನ್ನು ಒಡೆಯುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇವೇ ಇವೆ. ಮೂರು ಚಪಾತಿ, ಮೇಲೆ ಈರುಳ್ಳಿ ಬೆಳ್ಳುಳ್ಳಿ ಜಾಸ್ತಿ ಹಾಕಿದ ಗೊಜ್ಜು, ಮಲಗುವಾಗ ಹಾಲು. ಇದು ಗ್ಯಾಸ್ ಹುಟ್ಟಲು ಹೇಳಿ ಮಾಡಿಸಿದ ರಾತ್ರಿ ಊಟ. ಮದ್ದೂರು ವಡೆ ತಿಂದು, 'ಬೇಳೆ ಇಲ್ಲವಲ್ಲ, ಆದರೂ ಹೊಟ್ಟೆ ಉಬ್ಬಿತು' ಅನ್ನುವವರಿಗೂ ಇದೇ ಉತ್ತರ. ಅದರಲ್ಲಿ ಬೇಳೆ ಇಲ್ಲ, ಮೈದಾ, ರವೆ, ಈರುಳ್ಳಿ ಇವೆ, ಎಣ್ಣೆ ಇದೆ. ಇನ್ನೊಂದು ಕಡೆ ಅನ್ನ ಹೊಟ್ಟೆಗೆ ಬಹಳ ಹಗುರ. ಬಿಸಿ ಅನ್ನದ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಸಣ್ಣ ಕರುಳಲ್ಲೇ ಜೀರ್ಣವಾಗುತ್ತದೆ, ಗಾಳಿಗೆ ಉಳಿಯುವುದು ತೀರಾ ಕಡಿಮೆ. ಆದರೆ ಅದೇ ಕಾರಣಕ್ಕೆ ಶುಗರ್ ಬೇಗ ಏರಿಸುತ್ತದೆ.

ಹಾಗಾಗಿ ರಾತ್ರಿ ಮುದ್ದೆಗೆ ವಾಪಸ್ ಬನ್ನಿ, ಗಾತ್ರ ಮಾತ್ರ ಸಣ್ಣದು ಮಾಡಿ. ಮುದ್ದೆಯಿಂದ ಶುಗರ್ ಏರುವುದೇ ಇಲ್ಲ ಅನ್ನುವುದು ತಪ್ಪು. ಮುದ್ದೆಯಾಗಲಿ ಚಪಾತಿಯಾಗಲಿ, ಶುಗರ್ ನಿರ್ಧಾರವಾಗುವುದು ಎಷ್ಟು ಉಂಡಿರಿ, ಜೊತೆಗೆ ಏನು ಉಂಡಿರಿ ಅನ್ನುವುದರಿಂದ. ಜೊತೆಗೆ ಸೊಪ್ಪು, ಕಾಳು ಇದ್ದರೆ ಏರಿಕೆ ನಿಧಾನವಾಗುತ್ತದೆ. ಅದಕ್ಕೇ ಕಾಳು ಬಿಟ್ಟದ್ದು ನಿಮ್ಮ ಶುಗರ್‌ಗೂ ಒಳ್ಳೆಯದಲ್ಲ.

ಕಾಳಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಂಡ್ಯ, ಮೈಸೂರು ಕಡೆ ಕಾಳಿಲ್ಲದೆ ಊಟವಿಲ್ಲ. ಕಾಳಿನಿಂದ ಗ್ಯಾಸ್ ಆಗುತ್ತದೆ ಅನ್ನುವುದು ನಿಜ. ಕಾರಣ ಅದರಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳು. ಇವನ್ನು ಒಡೆಯುವ ಕಿಣ್ವ ಮನುಷ್ಯರಿಗೆ ಹುಟ್ಟಿನಿಂದಲೇ ಇಲ್ಲ, ಯಾರಿಗೂ ಇಲ್ಲ. ಆದರೆ ಈ ಸಕ್ಕರೆಗಳು ನೀರಿಗೆ ಇಳಿಯುತ್ತವೆ. ಅದೇ ನಮಗಿರುವ ದಾರಿ. ರಾತ್ರಿ ಹೆಚ್ಚು ನೀರಿನಲ್ಲಿ ನೆನೆಹಾಕಿ, ಎಂಟರಿಂದ ಹನ್ನೆರಡು ಗಂಟೆ. ಆ ನೀರನ್ನು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ನೆನೆಸಿದ ನೀರಲ್ಲೇ ಸತ್ವ ಇದೆ ಅಂತ ಅದರಲ್ಲೇ ಬೇಯಿಸುವವರಿದ್ದಾರೆ. ಗ್ಯಾಸ್ ಇರುವವರು ಹಾಗೆ ಮಾಡಬಾರದು.

ಬಸ್ಸಾರಿನಲ್ಲಿ ಒಂದು ವಿಶೇಷ ಇದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರು, ಬಸಿದ ಕಾಳಿನಲ್ಲಿ ಪಲ್ಯ. ಅಂದರೆ ಬೇಯುವಾಗ ನೀರಿಗೆ ಇಳಿದ ಸಕ್ಕರೆಯೆಲ್ಲಾ ಸಾರಿಗೇ ಬಂತು. ಉಪ್ಸಾರು, ಹುರುಳಿ ಕಟ್ಟಿನ ಸಾರಿಗೂ ಇದೇ ಮಾತು. ರುಚಿ ಇರುವುದೂ ಅಲ್ಲೇ, ಗ್ಯಾಸಿನ ಮೂಲ ಇರುವುದೂ ಅಲ್ಲೇ. ಕಟ್ಟು ಚೆಲ್ಲಿ ಅಂತ ನಾನು ಹೇಳುವುದಿಲ್ಲ, ಹಾಗೆ ಮಾಡಿದರೆ ಅದು ಬಸ್ಸಾರೇ ಅಲ್ಲ. ಹೀಗೆ ಮಾಡಿ: ನೆನೆಸಿದ ನೀರು ಚೆಲ್ಲಿದ ಮೇಲೆ ಕಾಳನ್ನು ಹೊಸ ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಆ ಮೊದಲ ನೀರನ್ನೂ ಚೆಲ್ಲಿ. ಆಮೇಲೆ ಮತ್ತೆ ನೀರಿಟ್ಟು ಸೊಪ್ಪಿನ ಜೊತೆ ಬೇಯಿಸಿ ಬಸಿಯಿರಿ. ಈ ಎರಡನೆಯ ಕಟ್ಟಿನಲ್ಲಿ ಸಾರು ಮಾಡಿ. ರುಚಿ ಸ್ವಲ್ಪ ತೆಳುವಾಗುತ್ತದೆ, ಒಂದಿಷ್ಟು ಬೆಂದ ಕಾಳನ್ನೇ ಖಾರದ ಜೊತೆ ರುಬ್ಬಿ ಹಾಕಿದರೆ ಸರಿಹೋಗುತ್ತದೆ. ಗ್ಯಾಸ್ ಜಾಸ್ತಿ ಇರುವ ದಿನಗಳಲ್ಲಿ ಸಾರು ಕಡಿಮೆ, ಪಲ್ಯ ಹೆಚ್ಚು ಹಾಕಿಕೊಳ್ಳಿ.

ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಮೊಳಕೆ ಬರುವಾಗ ಕಾಳು ಈ ಸಕ್ಕರೆಗಳನ್ನು ತನ್ನ ಬೆಳವಣಿಗೆಗೆ ತಾನೇ ಖರ್ಚು ಮಾಡಿಕೊಳ್ಳುತ್ತದೆ. ಒಂದೆರಡು ದಿನದ ಮೊಳಕೆ ಹುರುಳಿಯ ಸಾರು ಒಣ ಹುರುಳಿಯ ಸಾರಿಗಿಂತ ಹೊಟ್ಟೆಗೆ ಹಗುರ. ಆದರೆ ಬೇಯಿಸಿ ತಿನ್ನಿ. ಒಳ್ಳೆಯದು ಅಂತ ಹಸಿ ಮೊಳಕೆ ಕಾಳನ್ನು ಬಟ್ಟಲು ತುಂಬಾ ತಿಂದು ಹೊಟ್ಟೆ ಹಿಡಿದುಕೊಂಡು ಬರುವವರು ತುಂಬಾ ಇದ್ದಾರೆ.

ಅವರೆ ಬಗ್ಗೆ ಎಲ್ಲರಿಗೂ ಆಸೆ. ಚಳಿಗಾಲದ ಸೊಗಡಿನ ಹಸಿ ಅವರೆಕಾಯಿ ಒಣ ಅವರೆಗಿಂತ ಸುಲಭ, ಯಾಕೆಂದರೆ ಕಾಳು ಬಲಿತು ಒಣಗುವ ಕೊನೆ ಹಂತದಲ್ಲೇ ಈ ಸಕ್ಕರೆಗಳು ಹೆಚ್ಚು ತುಂಬಿಕೊಳ್ಳುವುದು. ಹಿತಕಿದ ಅವರೆಗೆ ಹೇಗೂ ನೆನೆಹಾಕಿ ಸಿಪ್ಪೆ ತೆಗೆಯುತ್ತೇವೆ. ನೀರು ಚೆಲ್ಲುವುದರಿಂದ ಒಂದಿಷ್ಟು ಸಕ್ಕರೆ ಹೋಗುತ್ತದೆ, ಸಿಪ್ಪೆಯ ನಾರೂ ಹೋಗುತ್ತದೆ. ಸಮಸ್ಯೆ ಇರುವುದು ಪ್ರಮಾಣದಲ್ಲಿ. ಅವರೆಕಾಲ ಬಂದರೆ ಬೆಳಿಗ್ಗೆ ಉಪ್ಪಿಟ್ಟಿಗೆ ಅವರೆ, ಮಧ್ಯಾಹ್ನ ಸಾರಿಗೆ ಅವರೆ, ರಾತ್ರಿ ಅದೇ ಸಾರು. ದಿನಕ್ಕೆ ಒಂದು ಹೊತ್ತು ಸಾಕು.

ಎಲ್ಲಾ ಕಾಳೂ ಒಂದೇ ಅಲ್ಲ. ಸಿಪ್ಪೆ ತೆಗೆದ ಹೆಸರುಬೇಳೆ ಹೆಚ್ಚು ಜನರಿಗೆ ಸುಲಭವಾಗಿ ಆಗುತ್ತದೆ. ಕಡಲೆಕಾಳು, ಸೋಯಾ ಕಷ್ಟದವು. ಇಡ್ಲಿ, ದೋಸೆ ಹಿಟ್ಟಿನಲ್ಲಿ ಉದ್ದು ಹುದುಗುವಾಗ ಒಂದಿಷ್ಟು ಸಕ್ಕರೆ ಅಲ್ಲೇ ಖರ್ಚಾಗುತ್ತದೆ. ಇನ್ನೊಂದು ಸಮಾಧಾನದ ವಿಷಯ: ಕರುಳು ಒಗ್ಗಿಕೊಳ್ಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಕಾಳು ತಿನ್ನುವವರಲ್ಲಿ ಮೊದಲ ಒಂದೆರಡು ವಾರ ಇದ್ದ ಗ್ಯಾಸ್ ಆಮೇಲೆ ತಗ್ಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಂದು ದಿನ ಹೊಟ್ಟೆ ತುಂಬಾ ತಿಂದರೆ ಮಾತ್ರ ತೊಂದರೆ ಖಚಿತ.

ಇಂಗು, ಓಮ, ಜೀರಿಗೆ, ಶುಂಠಿ ಹಾಕಿ, ಬೇಡ ಅನ್ನುವುದಿಲ್ಲ. ಹೊಟ್ಟೆ ಹಿಡಿದುಕೊಂಡ ಹಾಗೆ ಆಗುವುದು ಇವುಗಳಿಂದ ಸ್ವಲ್ಪ ಸಡಿಲವಾಗಬಹುದು. ಆದರೆ ಒಗ್ಗರಣೆಗೆ ಇಂಗು ಹಾಕಿದೆ ಅಂತ ಕಾಳನ್ನು ನೆನೆಸದೆ ಬೇಯಿಸಿದರೆ ಪ್ರಯೋಜನವಿಲ್ಲ. ಕಾಳಿನ ಸಕ್ಕರೆ ಒಡೆಯುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಅನ್ನುವ ಕಿಣ್ವದ ಮಾತ್ರೆಯೂ ಸಿಗುತ್ತದೆ, ಕೆಲವರಿಗೆ ನೆರವಾಗುತ್ತದೆ. ನೀವು ಮಾತ್ರ ಅದನ್ನು ನಿಮ್ಮಷ್ಟಕ್ಕೇ ತಗೊಳ್ಳಬೇಡಿ. ನಿಮ್ಮ ಶುಗರ್ ಮಾತ್ರೆ ಒಡೆಯದಂತೆ ತಡೆಯುವುದು, ಈ ಮಾತ್ರೆ ಒಡೆಯುವುದು, ಎರಡೂ ಒಂದಕ್ಕೊಂದು ವಿರುದ್ಧ.

ಸೋಡಾ ಕುಡಿದ ತಕ್ಷಣ ದೊಡ್ಡ ತೇಗು ಬರುತ್ತದೆ, ಹಾಯ್ ಅನಿಸುತ್ತದೆ. ಆ ತೇಗಿನಲ್ಲಿ ಬಂದದ್ದು ಬಹುಪಾಲು ಸೋಡಾದ ಗಾಳಿಯೇ. ನಿಮ್ಮ ತೊಂದರೆ ಇರುವುದು ದೊಡ್ಡ ಕರುಳಿನಲ್ಲಿ, ಅಲ್ಲಿಗೆ ಸೋಡಾದಿಂದ ಏನೂ ಉಪಯೋಗವಿಲ್ಲ. ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ ಪುಡಿಗಳಲ್ಲಿ ಅಡುಗೆ ಸೋಡಾ ಇರುತ್ತದೆ, ಅಂದರೆ ಸೋಡಿಯಂ. ಬಿಪಿ ಇರುವವರು ಅದನ್ನು ದಿನಾ ಕುಡಿಯುವುದು ಉಪ್ಪು ಜಾಸ್ತಿ ತಿಂದ ಹಾಗೇ. ನಿಮಗೆ ಅದು ಬೇಡವೇ ಬೇಡ. ಖಾಲಿ ಹೊಟ್ಟೆಯ ಗ್ಯಾಸ್ಟ್ರಿಕ್ ಮಾತ್ರೆ ಹೊಟ್ಟೆಯ ಆಮ್ಲ ತಗ್ಗಿಸುತ್ತದೆ, ಎದೆಯುರಿ, ಹುಳಿತೇಗು ಇದ್ದರೆ ಒಳ್ಳೆಯದು. ಕರುಳಲ್ಲಿ ಹುಟ್ಟುವ ಗಾಳಿಯ ಮೇಲೆ ಅದು ಕೆಲಸ ಮಾಡುವುದಿಲ್ಲ. ನಿಮ್ಮ ಪತ್ರದಲ್ಲಿ ಎದೆಯುರಿಯ ಮಾತೇ ಇಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇದು ನಿಜವಾಗಿ ಬೇಕಾ ಅಂತ ಕೇಳಿ. ಬೇರೆ ನೋವಿನ ಮಾತ್ರೆಗೋ ರಕ್ತ ತೆಳುವಾಗಿಸುವ ಮಾತ್ರೆಗೋ ರಕ್ಷಣೆಯಾಗಿ ಕೊಟ್ಟಿದ್ದರೆ ಮುಂದುವರಿಸಬೇಕಾಗುತ್ತದೆ.

ತೇಗು ಜಾಸ್ತಿ ಇರುವವರು ನುಂಗುವ ಗಾಳಿಯ ಕಡೆ ನೋಡಬೇಕು. ಅವಸರದ ಊಟ, ಊಟದ ಮಧ್ಯೆ ಮಾತು, ಸಡಿಲವಾದ ಹಲ್ಲಿನ ಸೆಟ್ಟು, ಇಡೀ ದಿನ ಎಲೆಅಡಿಕೆ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಅನ್ನುವುದು ಖಚಿತವಾದ ಸಂಗತಿ, ಗ್ಯಾಸ್ ಇರಲಿ ಇಲ್ಲದಿರಲಿ ಅದನ್ನು ಬಿಡಿ.

ರಾತ್ರಿ ಊಟವಾದ ಮೇಲೆ ಕಾಲು ಗಂಟೆ ನಿಧಾನವಾಗಿ ನಡೆಯಿರಿ. ಗಾಳಿ ಮುಂದಕ್ಕೆ ಸರಿಯುತ್ತದೆ, ಊಟದ ನಂತರದ ಶುಗರ್ ಕೂಡ ಇಳಿಯುತ್ತದೆ. ಬೆಳಿಗ್ಗೆ ಪವನಮುಕ್ತಾಸನ ಮಾಡಬಹುದು. ನಿಮಗೆ ಮಂಡಿನೋವು ಇದೆ, ಅದರಿಂದ ಒಂದೊಂದೇ ಕಾಲು, ಮಂಡಿಯ ಮೇಲೆ ಒತ್ತದೆ ತೊಡೆಯ ಹಿಂದೆ ಕೈ ಹಿಡಿದು ಮಡಿಸಿ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಬೇಕು. ಮಲ ನಿಂತಲ್ಲಿ ಗಾಳಿಯೂ ನಿಲ್ಲುತ್ತದೆ.

ಇನ್ನು ಬಹಳ ಮುಖ್ಯವಾದ ಮಾತು. 50 ದಾಟಿದ ಹೆಂಗಸರಲ್ಲಿ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ವಾರಗಟ್ಟಲೆ ಬಿಡದೆ ಇದ್ದರೆ, ಅದನ್ನು ಬರೀ ಗ್ಯಾಸ್ ಅಂತ ತಳ್ಳಿಹಾಕಬಾರದು. ಅಂಡಾಶಯದ ಕ್ಯಾನ್ಸರ್ ಶುರುವಿನಲ್ಲಿ ಹೀಗೇ ಕಾಣಿಸಿಕೊಳ್ಳಬಹುದು: ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ. ನಿಮಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ, ಮಾತ್ರೆಯ ಸಾಧ್ಯತೆಯೇ ತುಂಬಾ ಹೆಚ್ಚು. ಆದರೂ ಹೊಟ್ಟೆ ಮತ್ತು ಕೆಳಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಒಂದು ಆಗಲೇಬೇಕು. ಜೊತೆಗೆ ಡಾಕ್ಟರು ಹೇಳಿದರೆ ರಕ್ತ ಪರೀಕ್ಷೆ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ತೋರಿಸಬಹುದು. ಮಾತ್ರೆ ಬದಲಾದ ಮೇಲೆ ನೋಡೋಣ ಅಂತ ಮುಂದೂಡಬೇಡಿ. ಎರಡೂ ಒಟ್ಟಿಗೇ ನಡೆಯಲಿ.

ಪ್ರಯತ್ನ ಮಾಡದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಮಲ ಡಾಂಬರಿನ ಹಾಗೆ ಕಪ್ಪಾಗುವುದು, ರಕ್ತಹೀನತೆ, ನುಂಗಲು ಕಷ್ಟ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಮನೆಯವರಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಬೇಡ, ಬೇಗ ತೋರಿಸಿ. ಹೊಟ್ಟೆ ಗಟ್ಟಿಯಾಗಿ ಉಬ್ಬಿ, ವಾಂತಿಯಾಗುತ್ತಾ, ಗಾಳಿಯೂ ಮಲವೂ ಎರಡೂ ನಿಂತರೆ ಅದು ಕರುಳು ಕಟ್ಟಿಕೊಂಡ ಲಕ್ಷಣ. ಆವತ್ತೇ ಆಸ್ಪತ್ರೆಗೆ ಹೋಗಬೇಕು.

ಎದೆ ಅಥವಾ ಮೇಲುಹೊಟ್ಟೆಯಲ್ಲಿ ಒತ್ತಿದ ಹಾಗೆ, ಹಿಂಡಿದ ಹಾಗೆ ಆಗಿ ಬೆವರು, ಏದುಸಿರು, ಗದ್ದಕ್ಕೋ ಎಡಗೈಗೋ ಹರಡುವ ನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕಾಯಬೇಡಿ. ಶುಗರ್ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಹೊಟ್ಟೆ ಸಂಕಟದ ಹಾಗೆ ಬರಬಹುದು. ಇಸಿಜಿ ತೆಗೆಯಲು ಕೆಲವೇ ನಿಮಿಷ ಸಾಕು. ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆಯೇ ಇದೆ. ಗ್ಯಾಸ್ ಅಂದುಕೊಂಡು ಮನೆಯಲ್ಲೇ ಕಳೆದ ಗಂಟೆಗಳಿಂದ ಜೀವ ಹೋದ ಮನೆಗಳು ನಮ್ಮ ಸುತ್ತಲೇ ಇವೆ.

ನೀವು ಇನ್ನು ಮಾಡಬೇಕಾದದ್ದು ಇಷ್ಟು. ಬಿಸ್ಕತ್ತು, ಸೋಡಾ ಇಂದೇ ನಿಲ್ಲಿಸಿ. ಈ ವಾರವೇ ಎಲ್ಲಾ ಮಾತ್ರೆಗಳ ಸ್ಟ್ರಿಪ್ಪು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ, ಸ್ಕ್ಯಾನಿಗೂ ಬರೆಸಿಕೊಳ್ಳಿ. ರಾತ್ರಿಯ ಹಾಲು ಹತ್ತು ದಿನ ಬಿಡಿ, ಊಟದಲ್ಲಿ ಬೇರೇನೂ ಬದಲಿಸಬೇಡಿ. ಒಂದೇ ಸಲ ಎಲ್ಲಾ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಆಮೇಲಿನ ಹತ್ತು ದಿನ ಚಪಾತಿ ಬದಲು ಸಣ್ಣ ಮುದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ಕಡಿಮೆ, ಸಾಧಾರಣ, ಜಾಸ್ತಿ ಅಂತ ಒಂದೇ ಪದ ಬರೆಯಿರಿ. ಹೊಟ್ಟೆ ಹದಕ್ಕೆ ಬಂದ ಮೇಲೆ ಕಾಳು ತನ್ನಿ. ಮೊದಲು ಹೆಸರುಬೇಳೆ, ನಾಲ್ಕು ದಿನ ಬಿಟ್ಟು ಮೊಳಕೆ ಹುರುಳಿ ಎರಡು ಚಮಚ, ಆಮೇಲೆ ತಡಗುಣಿ. ಆಲೂಗಡ್ಡೆ ಬಿಸಿಯಾಗಿ ತಿಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಗ್ಯಾಸಿನ ಲೆಕ್ಕದಲ್ಲಿ ಅದನ್ನು ಬಿಡಬೇಕಾಗಿರಲಿಲ್ಲ, ಶುಗರ್‌ಗಾಗಿ ಪ್ರಮಾಣ ನೋಡಿಕೊಳ್ಳಿ. ಕೋಸು ಕೊನೆಗೆ ಬರಲಿ. ಸ್ಕ್ಯಾನ್ ರಿಪೋರ್ಟು, ಮಾತ್ರೆಯ ಹೆಸರು, ಕ್ಯಾಲೆಂಡರಿನ ಟಿಪ್ಪಣಿ ಮೂರನ್ನೂ ಬರೆದು ಕಳಿಸಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.